ಬೆಕ್ಕಿನ ಉಗುರು, ನಮ್ಮ ಸೋಫಾ

ಸಂಜೆಯ ಜಪಸರದ ಮೂರನೆಯ ರಹಸ್ಯಕ್ಕೆ ಬಂದಿದ್ದೆವು. ದೇವರ ಪೀಠದ ಮುಂದೆ ಮನೆಮಂದಿಯೆಲ್ಲ ಮೊಣಕಾಲೂರಿದ್ದೆವು. ಅಷ್ಟರಲ್ಲಿ ಬೆನ್ನ ಹಿಂದೆ ‘ಕರ್‍ರ್... ಕರ್‍ರ್...’ ಎಂಬ ಸದ್ದು. ತಿರುಗಿ ನೋಡುವ ಅಗತ್ಯವೇ ಇರಲಿಲ್ಲ. ನಮ್ಮ ಬೆಕ್ಕು ಎರಡೂ ಮುಂಗಾಲುಗಳನ್ನು ಸೋಫಾದ ಮೂಲೆಗೆ ಊರಿ, ಬೆನ್ನು ಬಗ್ಗಿಸಿ, ಕಣ್ಣು ಅರೆಮುಚ್ಚಿ, ಬಹಳ ಸಮಾಧಾನದಿಂದ ಬಟ್ಟೆಯನ್ನು ಪರಚುತ್ತಿತ್ತು. ಮಗನಿಗೆ ನಗು ತಡೆಯಲಾಗಲಿಲ್ಲ. ನಮಗೆ ಸಿಟ್ಟು ತಡೆಯಲಾಗಲಿಲ್ಲ. ಪ್ರಾರ್ಥನೆಯ ನಡುವೆಯೇ ನಮ್ಮಲ್ಲೊಬ್ಬರು ಚಪ್ಪಲಿ ಎಸೆದದ್ದೂ ಆಯಿತು.

ಬಾಯ್ನಾದಲ್ಲಿ ನಮ್ಮದು ಎರಡು ಕೋಣೆಯ ಪುಟ್ಟ ಮನೆ. ಆ ಸೋಫಾ ನಮ್ಮ ಪಾಲಿಗೆ ದೊಡ್ಡ ವಸ್ತುವೇ. ಮಗನ ಪ್ರಥಮ ಪರಮಪ್ರಸಾದದ ಸಮಾರಂಭಕ್ಕೆ ಊರಿನಿಂದ ಬಂಧುಗಳು ಬರುತ್ತಾರೆಂದು ಕಂತಿನ ಮೇಲೆ ಕೊಂಡದ್ದು. ಬೆಕ್ಕಾದರೋ ಯಾರೂ ಕೊಂಡದ್ದಲ್ಲ. ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದ ಸಂಜೆ ಮೆಟ್ಟಿಲ ಕೆಳಗೆ ಅಳುತ್ತಿದ್ದ ಬೂದುಬಣ್ಣದ ಮರಿ ಅದು. ಮಗ ಅದನ್ನು ಅಂಗಿಯೊಳಗೆ ಬಚ್ಚಿಟ್ಟು ತಂದು ‘ಬೂದಿ’ ಎಂದು ಹೆಸರಿಟ್ಟ. ಮರಿ ದೊಡ್ಡದಾಯಿತು, ಅದರ ಉಗುರೂ ದೊಡ್ಡದಾಯಿತು. ಸೋಫಾದ ಕಂತು ಮುಗಿಯುವ ಮೊದಲೇ ಅದರ ಮೂಲೆಯಿಂದ ಸ್ಪಂಜು ಹೊರಗೆ ಬಂತು. ಅಜ್ಜಿಯ ಬೆತ್ತದ ಕುರ್ಚಿಯ ಹೆಣಿಗೆಯೂ ಒಂದು ಬದಿಗೆ ಹರಿಯಿತು.

ಮರುದಿನ ಬೆಳಿಗ್ಗೆ ತೀರ್ಮಾನವಾಯಿತು: ಬೂದಿಯನ್ನು ಗೋಣಿಚೀಲಕ್ಕೆ ಹಾಕಿ ಖಾರಿವಾಡದ ಮೀನುಗಾರಿಕಾ ಜೆಟ್ಟಿಯ ಬಳಿ ಬಿಟ್ಟು ಬರುವುದು. ಅಲ್ಲಿ ಮೀನಿಗೆ ಕೊರತೆಯಿಲ್ಲ, ಹೇಗೋ ಬದುಕಿಕೊಳ್ಳುತ್ತದೆ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಚೀಲದ ಬಾಯಿ ಕಟ್ಟುತ್ತಿದ್ದಾಗ ಮಗ ಬಾಗಿಲ ಬಳಿ ನಿಂತಿದ್ದ. ಅವನು ಅಳಲಿಲ್ಲ, ಹಟ ಮಾಡಲಿಲ್ಲ. ಒಂದೇ ಮಾತು ಕೇಳಿದ: “ಅಪ್ಪಾ, ಬೂದಿಗೆ ತಿರುಗಿ ಮನಿಗೆ ಬರೋ ದಾರಿ ಗೊತ್ತಾಗತೈತೇನು?”

ಒಳಗಿನಿಂದ ಅಜ್ಜಿಯ ದನಿ ಬಂತು: “ಬೆಕ್ಕು ಪರಚತೈತಿ ಅಂತ ಹೊರಗ ಹಾಕತೀರಿ. ಇವ ಸಣ್ಣಾಂವ ಇದ್ದಾಗ ಗ್ವಾಡಿ ತುಂಬ ಗೀಚಿದ್ದ. ಆಗ ಇವನ್ನ ಎಲ್ಲಿ ಬಿಟ್ಟು ಬಂದ್ರಿ?”

ಚೀಲದ ಗಂಟು ಬಿಚ್ಚಿದೆವು. ಪ್ರಿಯ ಓದುಗರೇ, ನಿಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದೇ ಜಗಳ ನಡೆದಿರಬಹುದು, ಈಗಲೂ ನಡೆಯುತ್ತಿರಬಹುದು. ಆ ದಿನದ ನಂತರ ನಾವು ಕೇಳಿ ತಿಳಿದದ್ದನ್ನೂ ಮಾಡಿ ಕಲಿತದ್ದನ್ನೂ ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂಬುದೇ ಈ ಲೇಖನದ ಉದ್ದೇಶ.

ಬೆಕ್ಕು ಏಕೆ ಪರಚುತ್ತದೆ?

ಮೊದಲು ನಾವು ಬೂದಿಯನ್ನು ಪಶುವೈದ್ಯರ ಬಳಿಗೆ ಒಯ್ದೆವು. “ಇದರ ಪರಚುವ ಚಟ ಬಿಡಿಸುವ ಔಷಧಿ ಏನಾದರೂ ಇದೆಯೇ ಡಾಕ್ಟರೇ?” ಎಂದು ಕೇಳಿದಾಗ ಅವರು ನಕ್ಕರು. “ಅದು ಚಟವಲ್ಲ. ನೀವು ಉಗುರು ಕತ್ತರಿಸಿಕೊಳ್ಳುವುದು, ಮೈ ಮುರಿಯುವುದು, ಬಾಗಿಲಿಗೆ ಹೆಸರಿನ ಫಲಕ ಹಾಕುವುದು, ಈ ಮೂರನ್ನೂ ಬೆಕ್ಕು ಒಂದೇ ಕೆಲಸದಲ್ಲಿ ಮಾಡಿ ಮುಗಿಸುತ್ತದೆ” ಎಂದರು.

ಬೆಕ್ಕಿನ ಮುಂಗಾಲುಗಳಲ್ಲಿ ಐದೈದು, ಹಿಂಗಾಲುಗಳಲ್ಲಿ ನಾಲ್ಕು ನಾಲ್ಕು, ಹೀಗೆ ಸಾಮಾನ್ಯವಾಗಿ ಒಟ್ಟು 18 ಉಗುರುಗಳು. ಈ ಉಗುರು ನಮ್ಮ ಉಗುರಿನಂತಲ್ಲ, ಈರುಳ್ಳಿಯಂತೆ ಪದರ ಪದರವಾಗಿ ಬೆಳೆಯುತ್ತದೆ. ಮೇಲಿನ ಪದರ ಹಳೆಯದಾಗಿ ಮೊಂಡಾದಾಗ ಅದು ಕಳಚಿ ಬೀಳಬೇಕು, ಒಳಗಿನ ಚೂಪಾದ ಹೊಸ ಉಗುರು ಹೊರಗೆ ಬರಬೇಕು. ಪರಚುವುದರಿಂದ ಮುಂಗಾಲಿನ ಉಗುರಿನ ಸಿಪ್ಪೆ ಕಳಚುತ್ತದೆ. ಸೋಫಾದ ಕೆಳಗೆ ಗುಡಿಸುವಾಗ ಅರ್ಧಚಂದ್ರದ ಆಕಾರದ ಸಣ್ಣ ಸಿಪ್ಪೆಗಳು ಸಿಕ್ಕರೆ ಗಾಬರಿಯಾಗಬೇಡಿ. ಉಗುರು ಕಿತ್ತುಹೋದದ್ದಲ್ಲ, ಹಳೆಯ ಹೊದಿಕೆ ಕಳಚಿದ್ದಷ್ಟೇ.

ಎರಡನೆಯದು ಮೈ ಮುರಿಯುವುದು. ಮಲಗಿ ಎದ್ದ ಕೂಡಲೇ ಬೆಕ್ಕು ಪರಚುವುದನ್ನು ನೀವು ಗಮನಿಸಿರಬಹುದು. ಉಗುರನ್ನು ಗಟ್ಟಿಯಾದ ವಸ್ತುವಿಗೆ ಸಿಕ್ಕಿಸಿ ಎಳೆದಾಗ ಅದರ ಹೆಗಲು, ಬೆನ್ನು, ಕಾಲುಗಳ ಸ್ನಾಯುಗಳೆಲ್ಲ ಹಿಗ್ಗುತ್ತವೆ.

ಮೂರನೆಯ ಕಾರಣ ನಮ್ಮ ಮನಸ್ಸನ್ನು ಹೆಚ್ಚು ತಟ್ಟಿತು. ಬೆಕ್ಕಿನ ಅಂಗಾಲಿನಲ್ಲಿ, ಬೆರಳುಗಳ ನಡುವೆ ವಾಸನೆಯ ಗ್ರಂಥಿಗಳಿವೆ. ಪರಚಿದಾಗ ಅದರ ಮೈವಾಸನೆ ಆ ಜಾಗಕ್ಕೆ ಅಂಟುತ್ತದೆ. ನಮ್ಮ ಮೂಗಿಗೆ ಅದು ತಿಳಿಯುವುದಿಲ್ಲ, ಬೆಕ್ಕಿಗೆ ತಿಳಿಯುತ್ತದೆ. ಕಣ್ಣಿಗೆ ಕಾಣುವ ಗೀರು, ಮೂಗಿಗೆ ತಿಳಿಯುವ ವಾಸನೆ, ಎರಡೂ ಸೇರಿ ‘ಇದು ನನ್ನ ಮನೆ, ನಾನು ಇಲ್ಲಿದ್ದೇನೆ’ ಎಂಬ ಗುರುತಾಗುತ್ತದೆ. ಅದಕ್ಕಾಗಿಯೇ ಬೆಕ್ಕು ಯಾರೂ ಹೋಗದ ಮೂಲೆಯಲ್ಲಿ ಪರಚುವುದು ಕಡಿಮೆ. ಮನೆಮಂದಿ ಕೂರುವಲ್ಲಿ, ಓಡಾಡುವಲ್ಲಿ, ಬಾಗಿಲ ಬಳಿ, ತಾನು ಮಲಗುವ ಜಾಗದ ಹತ್ತಿರ ಪರಚುತ್ತದೆ. ಮನೆಗೆ ಹೊಸ ಸಾಮಾನು ಬಂದಾಗ, ನೆಂಟರು ಬಂದಾಗ, ಕಿಟಕಿಯಾಚೆ ಇನ್ನೊಂದು ಬೆಕ್ಕು ಸುಳಿದಾಗ ಪರಚುವುದು ಹೆಚ್ಚಾಗಲೂಬಹುದು.

ನಮ್ಮ ಮನೆಯಲ್ಲಿ ನಡೆದದ್ದು ಇದೇ ಎಂದು ಆಗ ಹೊಳೆಯಿತು. ಹೊಸ ಸೋಫಾ ಬಂತು, ಹಿಂದೆಯೇ ಮನೆ ತುಂಬ ನೆಂಟರು ಬಂದರು. ಅವರು ಹೋದ ಮೇಲೆ ನಾವೆಲ್ಲ ಕೂರುವ ಜಾಗವೇ ಆ ಸೋಫಾ ಆಯಿತು. ಎಲ್ಲರ ವಾಸನೆ ಇರುವ ಜಾಗದಲ್ಲಿ ತನ್ನದನ್ನೂ ಸೇರಿಸಲು ಬೂದಿ ಹೊರಟಿತ್ತು. ನಾವು ಅದನ್ನು ಹಗೆತನವೆಂದು ತಿಳಿದಿದ್ದೆವು.

‘ಇದು ನನ್ನ ಮನೆ’ ಎಂಬ ಮಾತಿನ ಬೆಲೆ ಬಾಯ್ನಾದ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಂದರಿನ ಕೂಲಿ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆಂದು ಊರು ಬಿಟ್ಟು ಬಂದವರು ನಾವು. 2004ರ ಜೂನ್ ತಿಂಗಳಲ್ಲಿ, ಮಳೆಗಾಲದ ಆರಂಭದಲ್ಲೇ, ಬಾಯ್ನಾ ಕಡಲತೀರದ ಗುಡಿಸಲುಗಳನ್ನು ಕೆಡವಿದ್ದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಮನುಷ್ಯರ ಆ ನೋವನ್ನು ಬೆಕ್ಕಿನ ಪಾಡಿನೊಂದಿಗೆ ತೂಗುವುದು ಸಲ್ಲದು. ಆದರೆ ನೆಲೆ ತಪ್ಪುವುದೆಂದರೇನೆಂದು ತಿಳಿದವರು ಒಂದು ಜೀವವನ್ನು ಚೀಲದಲ್ಲಿ ಕಟ್ಟುವ ಮುನ್ನ ಎರಡು ಸಲ ಯೋಚಿಸಬೇಕಿತ್ತು.

ನಾವು ಮಾಡಿದ ತಪ್ಪುಗಳು

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಿಮಗೆ ಗೊತ್ತೇ ಇದೆ. ಮೊದಲ ದಿನವೇ ಕುದಿಯುವ ಹಾಲಿಗೆ ಬಾಯಿಟ್ಟು ನಾಲಗೆ ಸುಟ್ಟುಕೊಂಡ ಆ ಬೆಕ್ಕು ಮುಂದೆ ಹಾಲಿನ ಬಟ್ಟಲು ಕಂಡರೇ ಓಡುತ್ತಿತ್ತು. ಕಥೆ ಕೇಳಿ ನಾವೆಲ್ಲ ನಕ್ಕಿದ್ದೇವೆ. ಅದರಲ್ಲಿ ಒಂದು ಪಾಠವೂ ಇದೆ: ನೋವು ಬೆಕ್ಕಿಗೆ ಹೆದರಿಕೆಯನ್ನು ಕಲಿಸುತ್ತದೆ, ಬುದ್ಧಿಯನ್ನು ಕಲಿಸುವುದಿಲ್ಲ. ಚಪ್ಪಲಿ ಎಸೆದಾಗ ಬೂದಿ ಕಲಿತದ್ದು ‘ಸೋಫಾ ಪರಚಬಾರದು’ ಎಂದಲ್ಲ, ‘ಇವರು ಎದುರಿಗಿದ್ದಾಗ ಪರಚಬಾರದು’ ಎಂದು. ಹಗಲು ಪರಚುತ್ತಿದ್ದದ್ದು ರಾತ್ರಿ ಪರಚತೊಡಗಿತು. ನಮ್ಮನ್ನು ಕಂಡರೆ ಮಂಚದ ಕೆಳಗೆ ಸೇರತೊಡಗಿತು. ಹೆದರಿದ ಬೆಕ್ಕು ತನ್ನ ನೆಲೆಯನ್ನು ಗುರುತು ಮಾಡಿಕೊಳ್ಳಲು ಇನ್ನೂ ಹೆಚ್ಚು ಪರಚುತ್ತದೆ ಎಂಬುದು ಆಮೇಲೆ ತಿಳಿಯಿತು.

ನೆರೆಹೊರೆಯವರು ಹೇಳಿದ ಉಪಾಯಗಳನ್ನೂ ಮಾಡಿದೆವು. ಅವುಗಳಲ್ಲಿ ಕೆಲವು ಅಪಾಯಕಾರಿ, ಆದ್ದರಿಂದ ಇಲ್ಲಿ ಹೇಳಲೇಬೇಕು. ಸೋಫಾಕ್ಕೆ ಖಾರದ ಪುಡಿ ಉದುರಿಸಬೇಡಿ. ಅದು ಬೆಕ್ಕಿನ ಅಂಗಾಲಿಗೆ ಅಂಟಿ, ಅದೇ ಕಾಲಿನಿಂದ ಮುಖ ಒರೆಸಿಕೊಂಡಾಗ ಕಣ್ಣಿಗೆ ಹೋಗುತ್ತದೆ. ಸೋಫಾದಲ್ಲಿ ಕೂರುವ ಮಕ್ಕಳ ಕಣ್ಣಿಗೂ ಹೋಗಬಹುದು. ಡಾಂಬರು ಗುಳಿಗೆಗಳನ್ನು ಇಡಬೇಡಿ, ಫಿನಾಯಿಲ್ ಸಿಂಪಡಿಸಬೇಡಿ, ನೀಲಗಿರಿ ಎಣ್ಣೆಯಂಥ ಗಾಢ ಎಣ್ಣೆಗಳನ್ನು ಹಚ್ಚಬೇಡಿ. ಇಂಥ ವಸ್ತುಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಮೈಗೆ ಅಂಟಿದ್ದನ್ನು ಅದು ನೆಕ್ಕುತ್ತದೆ, ನೆಕ್ಕಿದ್ದು ವಿಷವಾಗುತ್ತದೆ.

ತಡೆಯುವುದಲ್ಲ, ಜಾಗ ಬದಲಿಸುವುದು

ಬೆಕ್ಕು ಪರಚದಂತೆ ಮಾಡಲು ಸಾಧ್ಯವಿಲ್ಲ. ಎಲ್ಲಿ ಪರಚಬೇಕೆಂಬುದನ್ನು ಮಾತ್ರ ಬದಲಿಸಬಹುದು. ಈ ಒಂದು ಮಾತು ತಲೆಗೆ ಹೋದ ಮೇಲೆ ನಮ್ಮ ಕೆಲಸ ಸುಲಭವಾಯಿತು.

ಮೊದಲು ಮೂರು ದಿನ ನಾವು ಸುಮ್ಮನೆ ನೋಡಿದೆವು. ಬೂದಿ ನಿಂತುಕೊಂಡು ಪರಚುತ್ತದೆಯೋ, ನೆಲದ ಮೇಲೆ ಬಾಗಿ ಪರಚುತ್ತದೆಯೋ? ಬಟ್ಟೆಯನ್ನೋ, ಮರವನ್ನೋ, ಬೆತ್ತವನ್ನೋ? ಯಾವ ಹೊತ್ತಿಗೆ? ಇದನ್ನೆಲ್ಲ ಬರೆದಿಟ್ಟವನು ನಮ್ಮ ಮಗನೇ. ಬೂದಿ ನಿಂತು ಪರಚುವ ಬೆಕ್ಕು. ದೊರಗಾದ, ಗಟ್ಟಿಯಾದ ವಸ್ತು ಅದಕ್ಕೆ ಇಷ್ಟ. ನಿದ್ದೆಯಿಂದ ಎದ್ದಾಗ ಒಮ್ಮೆ, ನಾವೆಲ್ಲ ಒಟ್ಟುಗೂಡಿದಾಗ ಇನ್ನೊಮ್ಮೆ ಪರಚುತ್ತದೆ. ಜಪಸರದ ಹೊತ್ತಿಗೇ ಏಕೆ ಪರಚುತ್ತಿತ್ತೆಂಬ ಒಗಟು ಹೀಗೆ ಬಿಡಿಸಿಕೊಂಡಿತು. ಮನೆಯವರೆಲ್ಲ ಒಂದೆಡೆ ಸೇರುವ ಹೊತ್ತು ಅದೇ ತಾನೇ!

ಪೇಟೆಯಲ್ಲಿ ಬೆಕ್ಕು ಪರಚಲೆಂದೇ ಮಾಡಿದ ಕಂಬಗಳು ಸಿಗುತ್ತವೆ. ಅವುಗಳಲ್ಲಿ ಹಲವು ಗಿಡ್ಡ, ಹಗುರ. ನಾವು ಮನೆಯಲ್ಲೇ ಮಾಡಿಕೊಂಡೆವು. ಮಾಡುವ ಬಗೆ ಹೀಗೆ:

1. ಮೂರು ಇಂಚು ಚದರದ, ಸುಮಾರು ಮೂರು ಅಡಿ ಎತ್ತರದ ಮರದ ತುಂಡು ಬೇಕು. ಬೆಕ್ಕು ಹಿಂಗಾಲಿನ ಮೇಲೆ ನಿಂತು ಪೂರ್ತಿ ಮೈ ಚಾಚಿದಾಗಲೂ ಕಂಬದ ತುದಿ ಅದಕ್ಕಿಂತ ಮೇಲಿರಬೇಕು.

2. ಕಂಬವನ್ನು ಒಂದೂವರೆಯಿಂದ ಎರಡು ಅಡಿ ಅಗಲದ ದಪ್ಪ ಹಲಗೆಗೆ ಕೆಳಗಿನಿಂದ ಸ್ಕ್ರೂ ಹಾಕಿ ಬಿಗಿಯಿರಿ. ಹಲಗೆಯ ಮೇಲೆ ಒಂದು ಹಳೆಯ ಕಡಪಾ ಕಲ್ಲಿನ ತುಂಡು ಇಟ್ಟರೆ ಇನ್ನೂ ಒಳ್ಳೆಯದು. ಕಂಬ ಅಲುಗಾಡಬಾರದು. ಒಮ್ಮೆ ಮೈಮೇಲೆ ಬಿದ್ದರೆ ಬೆಕ್ಕು ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ.

3. ಕಂಬಕ್ಕೆ ಕತ್ತದ ಹಗ್ಗವನ್ನು, ಅಂದರೆ ತೆಂಗಿನ ನಾರಿನ ಹಗ್ಗವನ್ನು, ಸಂದಿ ಬಿಡದಂತೆ ಬಿಗಿಯಾಗಿ ಸುತ್ತಿ. ಬೆರಳಿನಷ್ಟು ದಪ್ಪದ ಹಗ್ಗವಾದರೆ ಸುಮಾರು 25 ಮೀಟರ್ ಬೇಕಾಗುತ್ತದೆ. ಸುತ್ತುವಾಗ ಅಲ್ಲಲ್ಲಿ ಫೆವಿಕಾಲ್ ಹಚ್ಚಿ. ಎರಡೂ ತುದಿಗೆ ಹೊಡೆದ ಮೊಳೆಯ ತಲೆ ಮರದೊಳಗೆ ಪೂರ್ತಿ ಇಳಿದಿರಲಿ, ಉಗುರಿಗೆ ಸಿಗದಿರಲಿ.

4. ಅಂಟು ಪೂರ್ತಿ ಒಣಗಲು ಎರಡು ದಿನ ಬಿಸಿಲಿಗಿಡಿ. ಮಳೆಗಾಲದಲ್ಲಿ ಇಲ್ಲಿಯ ತೇವಕ್ಕೆ ಕತ್ತಕ್ಕೆ ಬೂಷ್ಟು ಹಿಡಿಯುತ್ತದೆ, ಬಿಸಿಲು ಕಂಡ ದಿನವೆಲ್ಲ ಹೊರಗಿಟ್ಟು ಒಣಗಿಸಿ.

ನೆಲದ ಮೇಲೆ ಪರಚುವ ಬೆಕ್ಕಾದರೆ ಕಂಬ ಬೇಡ. ಗೋಣಿಚೀಲವನ್ನು ಹಲಗೆಗೆ ಬಿಗಿಯಾಗಿ ಬಡಿದು ನೆಲಕ್ಕೆ ಹಾಸಿ, ಇಲ್ಲವೇ ಹಳೆಯ ಕತ್ತದ ಕಾಲೊರಸನ್ನು ಕೊಡಿ. ರಟ್ಟಿನ ಪೆಟ್ಟಿಗೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಒತ್ತಾಗಿ ಜೋಡಿಸಿದರೂ ಸಾಕು. ನಮ್ಮ ಮನೆಯಲ್ಲಿ ಮರದ ತುಂಡು ಹಳೆಯ ಮಂಚದ್ದೇ ಇತ್ತು. ಹಗ್ಗಕ್ಕೆ ಆದ ಖರ್ಚು ಒಂದು ಭಾನುವಾರದ ಮೀನಿನ ಖರ್ಚಿನಷ್ಟು ಮಾತ್ರ.

ಕಂಬ ಇಡುವ ಜಾಗ

ಇಲ್ಲಿಯೇ ಹೆಚ್ಚಿನವರು ಸೋಲುವುದು. ನಾವೂ ಸೋತೆವು. ಕಂಬ ಮನೆಗೆ ಅಂದವಲ್ಲವೆಂದು ಬಾಲ್ಕನಿಯ ಮೂಲೆಯಲ್ಲಿಟ್ಟೆವು. ಬೂದಿ ಅದರತ್ತ ತಿರುಗಿಯೂ ನೋಡಲಿಲ್ಲ. ಮಗ ನಕ್ಕು, “ಅಲ್ಲಿ ನಾವು ಯಾರೂ ಕೂಡಂಗಿಲ್ಲಲ್ಲ” ಎಂದ. ಅವನ ಮಾತು ಸರಿ. ಕಂಬವನ್ನು ಸೋಫಾದ ಹರಿದ ಮೂಲೆಗೆ ಒತ್ತಿ, ಬೂದಿ ಎಲ್ಲಿ ಪರಚುತ್ತಿತ್ತೋ ಅಲ್ಲಿಯೇ ಇಟ್ಟೆವು.

ಜೊತೆಗೆ ಸೋಫಾದ ಮೂಲೆಗಳನ್ನು ಅದಕ್ಕೆ ರುಚಿಸದಂತೆ ಮಾಡಿದೆವು. ಮೊದಲು ಬಟ್ಟೆಯನ್ನು ಸಾಬೂನು ನೀರಿನಿಂದ ಒರೆಸಿ ಹಳೆಯ ವಾಸನೆ ಕಡಿಮೆ ಮಾಡಿದೆವು. ಮೇಲೆ ನುಣುಪಾದ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ ಬಿಗಿಯಾಗಿ ಸಿಕ್ಕಿಸಿದೆವು. ಎರಡೂ ಬದಿ ಅಂಟುವ ಟೇಪ್ ಹಚ್ಚಿದರೂ ಆದೀತು, ಅಂಗಾಲಿಗೆ ಜಿಗುಟು ತಾಗುವುದು ಬೆಕ್ಕಿಗೆ ಹಿಡಿಸದು. ಉಗುರು ಸಿಕ್ಕದ ಸೋಫಾ, ಉಗುರು ಚೆನ್ನಾಗಿ ಸಿಕ್ಕುವ ಕಂಬ ಅಕ್ಕಪಕ್ಕ ಇದ್ದರೆ ಬೆಕ್ಕು ತಾನಾಗಿ ಕಂಬವನ್ನು ಆರಿಸಿಕೊಳ್ಳುತ್ತದೆ. ಅಜ್ಜಿಯ ಬೆತ್ತದ ಕುರ್ಚಿಯನ್ನು ಕೆಲವು ವಾರ ಒಳಕೋಣೆಗೆ ಸೇರಿಸಿ ಬಾಗಿಲು ಹಾಕಿದೆವು.

ಬೆಕ್ಕಿನ ಕಾಲು ಹಿಡಿದು ಕಂಬಕ್ಕೆ ಉಜ್ಜಬೇಡಿ. ಒತ್ತಾಯ ಅದಕ್ಕೆ ಆಗದು. ದಾರದ ತುದಿಗೆ ಕಾಗದ ಕಟ್ಟಿ ಕಂಬದ ಮೇಲೆ ಆಡಿಸಿದರೆ ಹಿಡಿಯಲು ಹಾರಿ ತಾನೇ ಉಗುರು ಊರುತ್ತದೆ. ಹಾಗೆ ಊರಿದ ಕೂಡಲೇ, ತಡಮಾಡದೆ, ಉಪ್ಪಿಲ್ಲದೆ ಬೇಯಿಸಿ ಮುಳ್ಳು ತೆಗೆದ ಬಂಗುಡೆಯ ಒಂದು ತುಣುಕು ಕೊಡಿ, ಮೈ ಸವರಿ. ಸೋಫಾದ ಬಳಿ ಹೋದರೆ ಗದರಬೇಡಿ, ಮೆಲ್ಲಗೆ ದಾರ ತೋರಿಸಿ ಕಂಬದ ಕಡೆಗೆ ಕರೆಯಿರಿ.

ಅಜ್ಜಿಗೆ ಗೊತ್ತಿದ್ದ ಒಂದು ಉಪಾಯವೂ ಕೆಲಸಕ್ಕೆ ಬಂತು. ಮಳೆಗಾಲದಲ್ಲಿ ಗೋಡೆಯ ಬುಡದಲ್ಲಿ, ಪಾಳು ಜಾಗದಲ್ಲಿ ಬೆಳೆಯುವ ಕುಪ್ಪಿಗಿಡ ನಿಮಗೆ ಗೊತ್ತಿರಬಹುದು. ಅದರ ಬೇರಿನ ವಾಸನೆಗೆ ಬೆಕ್ಕುಗಳು ಮರುಳಾಗುತ್ತವೆ. ಬೇರನ್ನು ತೊಳೆದು, ಜಜ್ಜಿ, ಕಂಬದ ಹಗ್ಗಕ್ಕೆ ಉಜ್ಜಿದೆವು. ಬೂದಿ ಕಂಬವನ್ನು ತಬ್ಬಿಕೊಂಡು ಹೊರಳಾಡಿದ್ದನ್ನು ನೋಡಲು ಪಕ್ಕದ ಮನೆಯ ಮಕ್ಕಳೆಲ್ಲ ಬಂದರು. ಬೇರನ್ನು ಹಗ್ಗಕ್ಕೆ ಉಜ್ಜಿದರೆ ಸಾಕು, ತಿನ್ನಲು ಕೊಡಬೇಡಿ.

ಸುಮಾರು ಒಂದು ತಿಂಗಳಲ್ಲಿ ಅಭ್ಯಾಸ ಬದಲಾಯಿತು. ಆಮೇಲೆ ಕಂಬವನ್ನು ದಿನಕ್ಕೆ ಕೆಲವೇ ಇಂಚುಗಳಷ್ಟು ಸರಿಸುತ್ತ ಕಿಟಕಿಯ ಪಕ್ಕಕ್ಕೆ ತಂದೆವು. ಒಮ್ಮೆಲೇ ಎತ್ತಿಡಬೇಡಿ. ಹಗ್ಗ ಹರಿದು ಜೋತಾಡುತ್ತಿದೆ, ಅಂದಗೆಟ್ಟಿದೆ ಎಂದು ಕಂಬವನ್ನು ಎಸೆಯಲೂಬೇಡಿ. ಬೆಕ್ಕಿನ ವಾಸನೆ ಚೆನ್ನಾಗಿ ಹಿಡಿದಿರುವುದು ಆಗಲೇ. ಪೂರ್ತಿ ಸವೆದ ಮೇಲೆ ಅದೇ ಕಂಬಕ್ಕೆ ಹೊಸ ಹಗ್ಗ ಸುತ್ತಿ.

ಉಗುರು ಕತ್ತರಿಸುವುದು, ಉಗುರು ತೆಗೆಸುವುದು

ಎರಡು ಮೂರು ವಾರಕ್ಕೊಮ್ಮೆ ಮುಂಗಾಲಿನ ಉಗುರಿನ ತುದಿ ಕತ್ತರಿಸಿದರೆ ಹಾನಿ ಕಡಿಮೆ. ಬೆಕ್ಕು ಉಂಡು ಮಂಪರಿನಲ್ಲಿದ್ದಾಗ ತೊಡೆಯ ಮೇಲೆ ಕೂರಿಸಿಕೊಂಡು, ಬೆರಳನ್ನು ಮೇಲಿನಿಂದ ಮೆಲ್ಲಗೆ ಒತ್ತಿದರೆ ಉಗುರು ಹೊರಗೆ ಬರುತ್ತದೆ. ಉಗುರಿನೊಳಗೆ ಗುಲಾಬಿ ಬಣ್ಣದ ಭಾಗ ಕಾಣುತ್ತದೆ. ಅಲ್ಲಿ ರಕ್ತನಾಳ, ನರಗಳಿವೆ, ಅದನ್ನು ಮುಟ್ಟಬಾರದು. ತುದಿಯ ಬಿಳಿ ಕೊಕ್ಕೆಯನ್ನು ಮಾತ್ರ ಕತ್ತರಿಸಿ. ಒಂದೇ ದಿನ ಎಲ್ಲ ಉಗುರು ಮುಗಿಸಬೇಕೆಂದಿಲ್ಲ. ಮೊದಲ ಸಲ ಪಶುವೈದ್ಯರಿಂದ ನೋಡಿ ಕಲಿಯುವುದು ಉತ್ತಮ. ವಯಸ್ಸಾದ ಬೆಕ್ಕು ಪರಚುವುದು ಕಡಿಮೆ, ಅದರ ಉಗುರು ದಪ್ಪವಾಗಿ ಬಾಗಿ ಅಂಗಾಲಿಗೇ ಚುಚ್ಚಬಹುದು. ಆದ್ದರಿಂದ ಅದರ ಕಾಲನ್ನು ಆಗಾಗ ನೋಡುತ್ತಿರಬೇಕು.

“ಆಪರೇಷನ್ ಮಾಡಿಸಿ ಉಗುರೇ ತೆಗೆಸಿಬಿಡಿ, ವಿದೇಶದಲ್ಲಿ ಹಾಗೆ ಮಾಡುತ್ತಾರೆ” ಎಂದು ನಮಗೆ ಹೇಳಿದವರೂ ಇದ್ದರು. ಅದು ಉಗುರು ತೆಗೆಯುವುದಲ್ಲ. ಬೆಕ್ಕಿನ ಉಗುರು ಬೆರಳಿನ ಕೊನೆಯ ಮೂಳೆಗೆ ಕೂಡಿಕೊಂಡಿರುವುದರಿಂದ ಪ್ರತಿ ಬೆರಳಿನ ಕೊನೆಯ ಗೆಣ್ಣನ್ನೇ ಕತ್ತರಿಸಬೇಕಾಗುತ್ತದೆ. ನಡೆಯಲು ನೋವು, ಜೀವನಪೂರ್ತಿ ಕುಂಟುವ ಸಂಭವ, ಆತ್ಮರಕ್ಷಣೆಗೆ ಉಗುರಿಲ್ಲದೆ ಕಚ್ಚುವ ಸ್ವಭಾವ, ಇವು ಅದರ ಫಲ. ಇಸ್ರೇಲ್ 2011ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯ 2019ರಲ್ಲಿ ಇದನ್ನು ನಿಷೇಧಿಸಿದವು. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಸೆಕ್ಷನ್ ಪ್ರಾಣಿಗಳ ಅಂಗವಿಕಲಗೊಳಿಸುವುದನ್ನು ಅಪರಾಧವೆನ್ನುತ್ತದೆ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಸಾಕುಪ್ರಾಣಿಯನ್ನು ಎಲ್ಲೋ ಬಿಟ್ಟು ಬರುವುದೂ ಅದೇ ಸೆಕ್ಷನ್ ಪ್ರಕಾರ ಅಪರಾಧವೇ. ನಮ್ಮ ಗೋಣಿಚೀಲ ನೆನಪಾಗಿ ತಲೆ ತಗ್ಗಿಸಿದೆವು. ಮನೆಯಲ್ಲಿ ಬೆಳೆದ ಬೆಕ್ಕಿಗೆ ಜೆಟ್ಟಿಯ ಬಲಿತ ಬೆಕ್ಕುಗಳ, ನಾಯಿಗಳ ನಡುವೆ ಮೀನು ಕಸಿಯಲು ಬರುವುದಿಲ್ಲ.

ಮಕ್ಕಳಿಗೆ ಪರಚಿದರೆ

ಸೋಫಾ ಹರಿದರೆ ಹೊಲಿಯಬಹುದು. ಚರ್ಮ ಗೀರಿದರೆ ಉದಾಸೀನ ಸಲ್ಲದು. ಬೆಕ್ಕು ಪರಚಿದ ಅಥವಾ ಕಚ್ಚಿದ ಜಾಗವನ್ನು ಕೂಡಲೇ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದನ್ನೂ ಹಚ್ಚಬೇಡಿ. ಅದೇ ದಿನ ವೈದ್ಯರಿಗೆ ತೋರಿಸಿ, ಅವರು ಹೇಳಿದಷ್ಟೂ ರೇಬೀಸ್ ಚುಚ್ಚುಮದ್ದುಗಳನ್ನು ತಪ್ಪದೆ ಹಾಕಿಸಿ. ಗೋವಾದಲ್ಲಿ 2014ರಿಂದ ಸರಕಾರದೊಂದಿಗೆ ಮಿಷನ್ ರೇಬೀಸ್ ಸಂಸ್ಥೆ ಸೇರಿ ನಾಯಿಗಳಿಗೆ ದೊಡ್ಡ ಪ್ರಮಾಣದಲ್ಲಿ ಲಸಿಕೆ ಹಾಕಿದೆ. 2021ರಲ್ಲಿ ರಾಜ್ಯವನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಲಾಯಿತು. ಹಾಗೆಂದು ನಾವು ಮೈಮರೆಯುವಂತಿಲ್ಲ. ಮನೆಯ ಬೆಕ್ಕಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ಮುಂದಿನ ಲಸಿಕೆಗಳನ್ನು ಪಶುವೈದ್ಯರು ಹೇಳಿದ ದಿನಕ್ಕೆ ಹಾಕಿಸಿ. ಮರಿಗಳು ಬೇಡವಾದರೆ ಸಂತಾನಹರಣ ಚಿಕಿತ್ಸೆ ಮಾಡಿಸಿ. ಹುಟ್ಟಿದ ಮರಿಗಳನ್ನು ಬೀದಿಗೆ ಬಿಡುವ ಪಾಪಕ್ಕಿಂತ ಇದು ಮೇಲು.

ಧರ್ಮಸಭೆ ಏನು ಹೇಳುತ್ತದೆ?

ಪವಿತ್ರ ಬೈಬಲಿನಲ್ಲಿ ಬೆಕ್ಕಿನ ಹೆಸರು ಬರುವುದು ಒಂದೇ ಕಡೆ. ಬಾರೂಕನ ಗ್ರಂಥದ 6ನೇ ಅಧ್ಯಾಯದಲ್ಲಿ, ವಿಗ್ರಹಗಳ ಮೇಲೆ ಬಾವಲಿಗಳು, ಹಕ್ಕಿಗಳೊಂದಿಗೆ ಬೆಕ್ಕುಗಳೂ ಕೂರುತ್ತವೆ ಎಂದು ಬರೆದಿದೆ. ಅಂದರೆ ಆ ಕಾಲದಲ್ಲೂ ಬೆಕ್ಕು ತನಗೆ ಬೇಕಾದಲ್ಲಿ ಕೂರುತ್ತಿತ್ತು ಎಂದಾಯಿತು! ಜ್ಞಾನೋಕ್ತಿಗಳ 12ನೇ ಅಧ್ಯಾಯ ಸಜ್ಜನನ ಗುರುತುಗಳಲ್ಲಿ ಒಂದನ್ನು ಹೇಳುವಾಗ, ತನ್ನ ಪ್ರಾಣಿಯ ಜೀವದ ಬಗ್ಗೆ ಅವನಿಗಿರುವ ಕಾಳಜಿಯನ್ನು ಎತ್ತಿ ತೋರಿಸುತ್ತದೆ.

ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2418ನೇ ಪರಿಚ್ಛೇದದಲ್ಲಿ ಎರಡು ಮಾತುಗಳಿವೆ. ಪ್ರಾಣಿಗಳನ್ನು ವಿನಾಕಾರಣ ನರಳಿಸುವುದು, ಕೊಲ್ಲುವುದು ಮಾನವ ಘನತೆಗೆ ತಕ್ಕುದಲ್ಲ ಎಂಬುದು ಮೊದಲನೆಯದು. ಬಡವರ ಕಷ್ಟ ನೀಗಿಸಲು ಹೋಗಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ತಕ್ಕುದಲ್ಲ ಎಂಬುದು ಎರಡನೆಯದು. ಈ ಎರಡೂ ಮಾತು ನಮಗೆ ಬೇಕು. ಬೆಕ್ಕಿಗೆ ದುಬಾರಿ ಆಟಿಕೆ ಬೇಡ, ಒಂದು ಕತ್ತದ ಹಗ್ಗ ಸಾಕು. ಆದರೆ ಹಗ್ಗದಷ್ಟು ತಾಳ್ಮೆಯೂ ಇಲ್ಲದೆ ಅದನ್ನು ಹೊರಗೆ ತಳ್ಳುವುದೂ ಬೇಡ. ಪೋಪ್ ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ ‘ಲೌದಾತೋ ಸಿ’ ಎಂಬ ವಿಶ್ವಪತ್ರದಲ್ಲೂ ಪ್ರಾಣಿಗಳಿಗೆ ತೋರುವ ಕ್ರೌರ್ಯ ಮನುಷ್ಯರ ನಡುವಿನ ಸಂಬಂಧವನ್ನೂ ಕೆಡಿಸುತ್ತದೆಂಬ ಎಚ್ಚರಿಕೆ ಇದೆ.

ಸಂತ ಫಿಲಿಪ್ ನೇರಿಯವರ ಬಗ್ಗೆ ಒಂದು ಮಾತು ಪ್ರಚಲಿತವಾಗಿದೆ. 1583ರಲ್ಲಿ ಅವರು ರೋಮ್ ನಗರದ ಸಂತ ಜೆರೋಮರ ದೇವಾಲಯದ ಕೋಣೆಯನ್ನು ಬಿಟ್ಟು ತಮ್ಮ ಸಭೆಯ ಹೊಸ ನಿವಾಸಕ್ಕೆ ತೆರಳಿದರು. ಅವರ ಬೆಕ್ಕು ಹಳೆಯ ಕೋಣೆಯಲ್ಲೇ ಉಳಿಯಿತು. ಅದಕ್ಕೆ ಆಹಾರ ಕೊಟ್ಟುಬರಲು ಅವರು ಶಿಷ್ಯರನ್ನು ದಿನವೂ ಕಳುಹಿಸುತ್ತಿದ್ದರಂತೆ, ಬಂದ ಮೇಲೆ ಬೆಕ್ಕು ಚೆನ್ನಾಗಿ ಉಂಡಿತೇ ಎಂದು ವಿಚಾರಿಸುತ್ತಿದ್ದರಂತೆ. ರೋಮಿನ ಗಣ್ಯರೆಲ್ಲ ಪಾಪನಿವೇದನೆಗೆ ಅರಸಿ ಬರುತ್ತಿದ್ದ ಸಂತರಿಗೆ ಒಂದು ಬೆಕ್ಕಿನ ನೆನಪು ಇತ್ತು.

ಕೊನೆಯ ಮಾತು

ನಮ್ಮ ಸೋಫಾ ಮತ್ತೆ ಹೊಸದಾಗಲಿಲ್ಲ. ಹರಿದ ಮೂಲೆಗೆ ಬೇರೆ ಬಣ್ಣದ ಬಟ್ಟೆಯ ತೇಪೆ ಹಾಕಿಸಿದ್ದೇವೆ. ಬೂದಿ ಪೂರ್ತಿ ಸುಧಾರಿಸಿದೆ ಎಂದೂ ಹೇಳಲಾರೆವು. ಗುಡುಗು ಮಳೆಯ ದಿನಗಳಲ್ಲಿ ಒಮ್ಮೊಮ್ಮೆ ಹಳೆಯ ಮೂಲೆಗೆ ಕೈ ಹಾಕುತ್ತದೆ. ಆಗ ಮಗ ಗದರದೆ ದಾರ ಹಿಡಿದು ಕಂಬದ ಬಳಿ ಕೂರುತ್ತಾನೆ.

ನಾವು ಬೆಕ್ಕಿಗೆ ಕಲಿಸಲು ಹೊರಟೆವು, ಕಲಿತವರು ಹೆಚ್ಚಾಗಿ ನಾವೇ. ‘ಬೇಡ’ ಎನ್ನುವುದಕ್ಕೆ ಕ್ಷಣ ಸಾಕು. ‘ಅಲ್ಲಿ ಬೇಡ, ಇಲ್ಲಿ ಮಾಡು’ ಎಂದು ಜಾಗ ತೋರಿಸಲು ತಿಂಗಳು ಬೇಕು. ಗೋಡೆಯ ಮೇಲೆ ಗೀಚುವ ಮಗುವಿಗೆ ಪಾಟಿ ಬಳಪ ಕೊಟ್ಟ ಹಿರಿಯರಿಗೆ ಇದು ಗೊತ್ತಿತ್ತು. ನಾವು ಮರೆತಿದ್ದೆವು.

ಆ ಬೆಳಿಗ್ಗೆ ಮಗ ಕೇಳಿದ ಪ್ರಶ್ನೆಗೆ ನಾವು ಇಂದಿಗೂ ಉತ್ತರ ಕೊಟ್ಟಿಲ್ಲ, ಕೊಡಬೇಕಾಗಿಯೂ ಬರಲಿಲ್ಲ. ಅಕ್ಟೋಬರ್ 4 ಅಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ಆ ದಿನ ನಿಮ್ಮ ಮನೆಯ ಪ್ರಾರ್ಥನೆಯಲ್ಲಿ ಮನೆಯ ಮೂಕ ಜೀವಿಗಳನ್ನೂ ಒಮ್ಮೆ ನೆನೆಯಿರಿ. ಬೆನ್ನ ಹಿಂದೆ ‘ಕರ್‍ರ್’ ಎಂಬ ಸದ್ದು ಕೇಳಿದರೆ ಚಪ್ಪಲಿಗೆ ಕೈ ಹಾಕಬೇಡಿ. ಪ್ರಾರ್ಥನೆ ಮುಗಿಸಿ, ನಂತರ ಕತ್ತದ ಹಗ್ಗ ತರಲು ಹೊರಡಿ. ದೇವರು ನಿಮ್ಮ ಕುಟುಂಬವನ್ನೂ ಅದರ ನೆರಳಿನಲ್ಲಿರುವ ಎಲ್ಲ ಜೀವಿಗಳನ್ನೂ ಹರಸಲಿ.